ಬೀಳುವವರಿಗೆ ನಮಸ್ಕಾರ

ಉಟ್ಕೂರ್ ಮಂಡಲ
12 ಆಗಸ್ಟ್ 2024

ಆಶಮ್ಮ ದೊಡ್ಡವ್ವನಿಗೆ ಅಖಿಲಾ ಮಾಡುವ ನಮಸ್ಕಾರ.

ನಾನು ಯಾರೆಂದು ನೆನಪಿದೆಯೇ ಎಂದು ಕೇಳುವುದಿಲ್ಲ. ನಾರಾಯಣಪೇಟೆಯ ಹಾಸ್ಟೆಲ್ ಅಂಗಳದಲ್ಲಿ ನಿಮ್ಮನ್ನು ಎಷ್ಟು ಸಲ ಕೆಡವಿದ್ದೇನೆಂದರೆ, ನೀವು ಮರೆತರೂ ನಿಮ್ಮ ಬೆನ್ನು ಮರೆತಿರುವುದಿಲ್ಲ.

ಮೊದಲು ನಿಮ್ಮ ಯಜಮಾನರಾದ ವೆಂಕಟಯ್ಯ ಸರ್‌ಗೆ ಫೋನ್ ಮಾಡಿದ್ದೆ. ನಿಮಗೀಗ ಕಿವಿ ಪೂರ್ತಿ ಕೇಳುವುದಿಲ್ಲವೆಂದೂ, ಕನ್ನಡದಲ್ಲಿ ಬರೆದು ಹಾಕಿದರೆ ಓದುತ್ತೀರೆಂದೂ ಅವರೇ ಹೇಳಿದರು. ಜೂಡೋ ಕಲಿಸಿದ್ದು ಸರ್ ಇರಬಹುದು, ಆದರೆ ನನ್ನ ಪ್ರಶ್ನೆ ನಿಮಗೇ ಕೇಳಬೇಕಾದದ್ದು. ಅದಕ್ಕೇ ಈ ಕಾಗದ.

ಇಂಟರ್ ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೇನೆ. ನನ್ನ ಜೋಡಿ ರೇಷ್ಮಾ ನೆನಪಿರಬೇಕು, ಮಕ್ತಲ್‌ನವಳು. ಅವಳು ಮದುವೆಯಾಗಿ, ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಪುಣೆಗೆ ಹೋದಳು. ನಮ್ಮೂರಲ್ಲಿ ಜೂಡೋ ಎಂದರೆ ತಿನ್ನುವುದೋ ಉಡುವುದೋ ಎಂದು ಕೇಳುವವರೇ ಎಲ್ಲ. "ಬಾ, ನಿನ್ನನ್ನು ಎತ್ತಿ ಹಾಕುತ್ತೇನೆ" ಎಂದು ಕರೆದರೆ ಯಾವ ಹುಡುಗಿ ಬರುತ್ತಾಳೆ ಹೇಳಿ. 

ಫೆಬ್ರವರಿಯಲ್ಲಿ ನಿಮ್ಮ ಗದ್ವಾಲದಲ್ಲೇ ಆಯ್ಕೆ ಪಂದ್ಯ ಇದೆ. ನನ್ನ ತೂಕದವರಲ್ಲಿ ಮೊದಲ ಇಬ್ಬರು ರಾಜ್ಯ ಪಂದ್ಯಕ್ಕೆ ಹೋಗುತ್ತಾರೆ. ಅಲ್ಲಿ ಆಡಿದವರಿಗೆ ವ್ಯಾಯಾಮ ಶಿಕ್ಷಕರ ಕಾಲೇಜಿನಲ್ಲಿ ಆಟದ ಕೋಟಾ ಸೀಟು ಸಿಗುತ್ತದಂತೆ. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತದೆ. ಸರ್ ಅವರ ಹಾಗೆ ಮೈದಾನದಲ್ಲಿ ಸೀಟಿ ಊದುತ್ತಾ ಬದುಕಬೇಕೆಂಬ ಆಸೆ ನನಗೆ ಎಂಟನೇ ತರಗತಿಯಿಂದ ಇದೆ. ಅದಕ್ಕೆ ಉಳಿದಿರುವ ದಾರಿ ಇದೊಂದೇ.

ಮನೆ ಹಿಂದಿನ ಬೇವಿನ ಮರಕ್ಕೆ ಹಳೆಯ ಕಂಬಳಿಯೊಂದನ್ನು ಸುತ್ತಿ ಹಗ್ಗ ಬಿಗಿದಿದ್ದೇನೆ. ಎರಡು ತುದಿ ಹೊರಗೆ ಬಿಟ್ಟಿದ್ದೇನೆ, ಒಂದು ಕೊರಳಪಟ್ಟಿ, ಇನ್ನೊಂದು ತೋಳು. ಬೆಳಿಗ್ಗೆ ಕುರಿ ಬಿಟ್ಟ ಮೇಲೆ ಅದನ್ನು ಹಿಡಿದು ಎಳೆದು, ತಿರುಗಿ, ಸೊಂಟ ಕೊಡುತ್ತೇನೆ. ಮರ ಅಲ್ಲಾಡುವುದಿಲ್ಲ. ದೊಡ್ಡವ್ವ, ಮರದ ಜೊತೆ ಜೂಡೋ ಬರುತ್ತದೆಯೇ?

ನಿಮ್ಮ ಅಖಿಲಾ

*

ಗದ್ವಾಲ
25 ಆಗಸ್ಟ್ 2024

ಮಗಳೇ ಅಖಿಲಾ,

ನಿನ್ನ ಕಾಗದ ಕೈಸೇರಿತು. ಕಿವಿ ಹೋದ ಮೇಲೆ ನನ್ನ ಜೊತೆ ಮಾತಾಡುವವರು ಕಡಿಮೆಯಾಗಿ, ಕಿರುಚುವವರು ಹೆಚ್ಚಾಗಿದ್ದಾರೆ. ಕೃಷ್ಣಾದ ಕಡೆ ನನ್ನ ತವರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಕನ್ನಡ ಈಗ ಉಪಯೋಗಕ್ಕೆ ಬಂತು. ಇನ್ನು ಸರ್ ಫೋನಿಗೆ ಮಾಡಬೇಡ. ನೀನು ನನಗೆ ಕೇಳಿದ್ದಕ್ಕೆ ಅವರೇ ಉತ್ತರ ಕೊಟ್ಟು ಇಟ್ಟುಬಿಡುತ್ತಾರೆ.

ಹಾಳೂರಿಗೆ ಉಳಿದವನೇ ಗೌಡ. ಜೋಡಿ ಇಲ್ಲದವಳಿಗೆ ಬೇವಿನ ಮರವೇ ರೇಷ್ಮಾ. ಹಿಡಿ, ಬಿಡಬೇಡ. ಆದರೆ ಮರ ನಿನ್ನನ್ನು ಎಳೆಯುವುದಿಲ್ಲ, ದೂಡುವುದಿಲ್ಲ, ಬೀಳುವುದಂತೂ ಇಲ್ಲವೇ ಇಲ್ಲ. ಅದರಿಂದ ಕೈಗೆ ಬಲ ಬರುತ್ತದೆ, ಕಾಲಿಗೆ ಬುದ್ಧಿ ಬರುವುದಿಲ್ಲ.

ಒಬ್ಬಳೇ ಚೆನ್ನಾಗಿ ಮಾಡಬಹುದಾದದ್ದು ಒಂದಿದೆ, ಬೀಳುವುದು. ಶೇಂಗಾ ಹೊಟ್ಟು ಮೆತ್ತಗೆ ಹಾಸಿಕೋ. ಗದ್ದ ಎದೆಗೆ ಒತ್ತು, ಬೆನ್ನು ಗುಂಡಗೆ ಮಾಡು, ನೆಲ ಮುಟ್ಟುವ ಗಳಿಗೆಗೆ ಅಂಗೈಯಿಂದ ಬಡಿ. ಕೆಡವುವವರಿಗೆ ಚಪ್ಪಾಳೆ ಬೀಳುತ್ತದೆ, ಮಗಳೇ, ಆದರೆ ಬೀಳಲು ಬಾರದವರು ಹೆದರಿಕೊಂಡೇ ಆಡುತ್ತಾರೆ.

ನಾನು ಹೇಗೆ ಬೀಳುವವಳಾದೆ ಎಂದು ನಿಮಗೆ ಯಾರಿಗೂ ಹೇಳಿಲ್ಲ. ಸರ್ ಮೊದಲ ವರ್ಷ ಹುಡುಗಿಯರಿಗೆ ಜೂಡೋ ಶುರು ಮಾಡಿದಾಗ ಬಾಯಲ್ಲೇ ಕಲಿಸಿದರು. ಗಂಡಸು ಮೇಷ್ಟ್ರು ಹೆಣ್ಣುಮಕ್ಕಳ ತೋಳು ಹಿಡಿಯುವುದು ಹೇಗೆ? ಹುಡುಗಿಯರಿಗೋ ಒಬ್ಬರನ್ನೊಬ್ಬರು ಹಿಡಿಯಲು ನಾಚಿಕೆ. ಒಂದು ದಿನ ಊಟಕ್ಕೆ ಕೂತವರು ರೊಟ್ಟಿ ಮುರಿಯುತ್ತಾ, ನನ್ನ ಮುಖ ನೋಡದೆ, "ಆಶಾ, ಹುಡುಗ್ಯಾರ ಕೈಯಾಗ ಬೀಳಾಕ ಒಬ್ರು ಬೇಕಾಗ್ಯಾರ" ಅಂದರು. ನಲವತ್ತು ದಾಟಿದ್ದೆ. ಸೀರೆ ಕಚ್ಚೆ ಹಾಕಿ, ಮೇಲೆ ಅವರ ಜೂಡೋ ಅಂಗಿ ತೊಟ್ಟು ಬಂದೆ. ಮುಂದಿನದು ನಿಮಗೆಲ್ಲ ಗೊತ್ತೇ ಇದೆ.

ಆಶಮ್ಮ

*

ಉಟ್ಕೂರ್ ಮಂಡಲ
15 ಅಕ್ಟೋಬರ್ 2024

ದೊಡ್ಡವ್ವ,

ಮನೆಯಲ್ಲಿ ದೊಡ್ಡ ರಾದ್ಧಾಂತವಾಗಿದೆ. ನಗಬೇಡಿ.

ದಸರಾಕ್ಕೆ ಬೀರಪ್ಪನ ಪೂಜೆ. ನಮ್ಮಲ್ಲಿ ಮೊದಲು ನೆಲದ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಅರಿಶಿನದ ಭಂಡಾರ ಚೆಲ್ಲಿ, ಅದನ್ನೇ ದೇವರ ಗದ್ದಿಗೆ ಮಾಡುತ್ತಾರೆ. ಆಯಿ, ಅಂದರೆ ನಮ್ಮ ಅಪ್ಪನ ತಾಯಿ ಜಮ್ಮುಲಮ್ಮ, ಅದನ್ನು ತೆಗೆಯಲು ಅವ್ವನನ್ನು ಅಟ್ಟ ಹತ್ತಿಸಿದರೆ ಕಂಬಳಿ ಇಲ್ಲ. ಯಾವುದು ಎಂದು ನೀವು ಊಹಿಸಿರುತ್ತೀರಿ. ನಾನು ಹಳೆಯದೆಂದು ತೆಗೆದು ಎರಡು ತಿಂಗಳಿಂದ ಮರಕ್ಕೆ ಕಟ್ಟಿ ಎಳೆದಾಡಿದ್ದು ದೇವರ ಕಂಬಳಿ.

ಆಯಿ ಎದೆ ಬಡಿದುಕೊಂಡಳು. ಅವ್ವ ನನಗೆ ಬೈಯಬೇಕೋ ಆಯಿಯನ್ನು ಸಮಾಧಾನ ಮಾಡಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಪೂಜಾರಿ ದೇವೇಂದ್ರಪ್ಪ ಬಂದು ನೋಡಿ, ಹೊಳೆ ನೀರಲ್ಲಿ ತೊಳೆದು ಭಂಡಾರ ಹಚ್ಚಿದರೆ ಸಾಕು, ಬೀರಪ್ಪನೂ ಕುರಿ ಕಾಯ್ದವನೇ, ಇಷ್ಟಕ್ಕೆಲ್ಲ ಮುನಿಯುವವನಲ್ಲ ಎಂದರು. ಆ ಮಾತಿಗೆ ನಾನು ಅವರಿಗೆ ಋಣಿ. ಕಂಬಳಿ ಒಳಗೆ ಹೋಯಿತು. ಮರ ಬರಿದಾಯಿತು. ನನ್ನ ಜೂಡೋ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಬರೀ ಹಗ್ಗ ಕಟ್ಟಿಕೊಂಡು ನಿಂತಿದ್ದೆ. ಅಪ್ಪ ಬಂದ. ನಿಮಗೆ ನಮ್ಮಪ್ಪ ಗೊತ್ತಿಲ್ಲ. ಹೆಸರು ಮೊಗುಲಪ್ಪ. ಕುರಿಗಳ ಜೊತೆ ಆಡುವಷ್ಟು ಮಾತನ್ನು ನಮ್ಮ ಜೊತೆ ಆಡುವುದಿಲ್ಲ. ದಿನಾ ಹೊದೆಯುವ ತನ್ನ ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಮರಕ್ಕೆ ಬೆನ್ನು ಕೊಟ್ಟು ನಿಂತ. "ಮರಕ್ಕ ಯಾಕ ಕಟ್ತಿ? ನಾ ನಿಂತೀನಿ, ಹಿಡಿ" ಅಂದ.

ಈಗ ದಿನಾ ಕುರಿ ಬಿಡುವ ಮೊದಲು ಅಪ್ಪ ನಿಲ್ಲುತ್ತಾನೆ. ನಾನು ಕಂಬಳಿಯ ಅಂಚು ಹಿಡಿದು ಎಳೆಯುತ್ತೇನೆ, ತಿರುಗುತ್ತೇನೆ, ಕಾಲು ಬೀಸುತ್ತೇನೆ. ಅಪ್ಪನಿಗೆ ಕಾಲು ತಾಕದಂತೆ ಮಾತ್ರ ಎಚ್ಚರವಾಗಿರುತ್ತೇನೆ. ಮುಗಿದ ಮೇಲೆ ಅವನು ಕೋಲು ತೆಗೆದುಕೊಂಡು ಹೋಗುತ್ತಾನೆ. ದೊಡ್ಡವ್ವ, ನನಗೆ ಇಂಥ ಅಪ್ಪ ಇದ್ದಾನೆಂದು ಇಷ್ಟು ದಿನ ಗೊತ್ತೇ ಇರಲಿಲ್ಲ.

ಅಖಿಲಾ

*

ಗದ್ವಾಲ
28 ಅಕ್ಟೋಬರ್ 2024

ಅಖಿಲಾ,

ನಗಬೇಡಿ ಎಂದು ಬರೆದರೆ ನಗದಿರಲು ಆಗುತ್ತದೆಯೇ? ಸರ್ ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಓದಿ, ಆಮೇಲೆ ಕಣ್ಣು ಒರೆಸಿಕೊಂಡರು. ನಕ್ಕು ಬಂದ ನೀರೋ ಬೇರೆಯದೋ ನಾನು ಕೇಳಲಿಲ್ಲ.

ಮೊಗುಲಪ್ಪಣ್ಣನಿಗೆ ನನ್ನ ಶರಣು ಹೇಳು. ಇನ್ನೂ ಗಟ್ಟಿಯಾಗಿ ಎಳೆ. ಡಿಸೆಂಬರಿನಲ್ಲಿ ನಾರಾಯಣಪೇಟೆಯಲ್ಲಿ ಹಳೆಯ ಹುಡುಗಿಯರೆಲ್ಲ ಸೇರಿ ಆಡುತ್ತಾರಂತೆ. ಹೋಗು. ಮನುಷ್ಯರನ್ನು ಮುಟ್ಟಿ ಬಾ.

ಇಲ್ಲಿ ನಾವು ಚೆನ್ನಾಗಿದ್ದೇವೆ. ನನಗೆ ಕಿವಿಯೊಂದು ಬಿಟ್ಟರೆ ಮತ್ತೇನೂ ತೊಂದರೆ ಇಲ್ಲ.

ಆಶಮ್ಮ

*

ಉಟ್ಕೂರ್ ಮಂಡಲ
10 ಡಿಸೆಂಬರ್ 2024

ದೊಡ್ಡವ್ವ,

ಭಾನುವಾರ ನಾರಾಯಣಪೇಟೆಗೆ ಹೋಗಿದ್ದೆ. ಹೋಗದೇ ಇದ್ದಿದ್ದರೆ ಚೆನ್ನಾಗಿತ್ತು.

ನನ್ನ ಎದುರಿಗೆ ಮಕ್ತಲ್ ಕಾಲೇಜಿನ ಸರಿತಾ. ನನಗಿಂತ ಬಲ ಕಡಿಮೆ. ಹಿಡಿತ ಸಿಕ್ಕಿತು, ಎಳೆದೆ, ಅವಳ ಭಾರವೆಲ್ಲ ಒಂದು ಕಾಲಿನ ಮೇಲೆ ಬಂತು. ಇನ್ನು ಆ ಕಾಲನ್ನು ನನ್ನ ಕಾಲಿಂದ ಸವರಿ ಕೆಡವಿದರೆ ಮುಗಿಯಿತು. ನನ್ನ ಕಾಲು ಬೀಸಿತು, ಅವಳ ಕಾಲಿಗೆ ಒಂದು ಗೇಣು ಮುಂಚೆ ನಿಂತುಬಿಟ್ಟಿತು. ಯಾರೋ ಹಿಡಿದಂತೆ. ಮತ್ತೆ ಬೀಸಿದೆ, ಮತ್ತೆ ನಿಂತಿತು.

ಮೂರನೆಯ ಸಲ ಹಲ್ಲು ಕಚ್ಚಿ ಬೀಸಿದೆ, ತಾಕಿತು. ತಾಕಿದ ಕೂಡಲೇ ನನ್ನ ಬಲಗೈ ಹಿಡಿತ ಬಿಟ್ಟು, ಅವಳ ಭುಜ ಮುಟ್ಟಿ, ನನ್ನ ಕಣ್ಣಿಗೆ ಬಂತು. ಮನೆಯಲ್ಲಿ ಯಾರಿಗಾದರೂ ಕಾಲು ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಹಾಗೆ. ಪಂದ್ಯದ ನಡುವೆ! ಸರಿತಾ ಒಂದು ಗಳಿಗೆ ಬೆರಗಾಗಿ ನೋಡಿ, ಆಮೇಲೆ ನನ್ನನ್ನು ಎತ್ತಿ ಹಾಕಿದಳು. ಸುತ್ತ ಇದ್ದವರು ಹೊಟ್ಟೆ ಹಿಡಿದು ನಕ್ಕರು. ಒಬ್ಬಳು "ಆಶೀರ್ವಾದ ಕೇಳಾಕ ಬಂದಾಳೇನು" ಅಂದಳು.

ಎರಡು ತಿಂಗಳು ಅಪ್ಪನ ಕಾಲು ತಪ್ಪಿಸಿ ತಪ್ಪಿಸಿ ಬೀಸಿದ್ದೇನೆ. ಮೈಗೆ ಅದೇ ಪಾಠವಾಗಿದೆ. ಅಪ್ಪ ಕೇಳಿದಾಗ ಚೆನ್ನಾಗಿ ಆಡಿದೆ ಎಂದೆ. ಅವನು ನಿಂತದ್ದರಿಂದಲೇ ಹೀಗಾಯಿತೆಂದು ಯಾವ ಬಾಯಿಂದ ಹೇಳಲಿ? ಹೆತ್ತವನನ್ನು ಒದೆಯಲಿಕ್ಕೂ ಆಗದು, ಅವನು ನಿಲ್ಲುವುದು ಬೇಡ ಎನ್ನಲಿಕ್ಕೂ ಆಗದು. ಗದ್ವಾಲಕ್ಕೆ ಬರುವುದೇ ಬೇಡ ಅನ್ನಿಸುತ್ತಿದೆ. ನೀವೇ ಹೇಳಿ.

ಅಖಿಲಾ

*

ಉಟ್ಕೂರ್ ಮಂಡಲ
3 ಜನವರಿ 2025

ದೊಡ್ಡವ್ವ,

ನನ್ನ ಕಾಗದ ಸಿಕ್ಕಿತೋ ಇಲ್ಲವೋ. ಸರ್‌ಗೆ ಫೋನ್ ಮಾಡಿದರೆ, "ಬರೀತಾಳ, ಅವಸರ ಮಾಡಬ್ಯಾಡ" ಎಂದಷ್ಟೇ ಹೇಳಿ ಇಟ್ಟರು. ಬಿಟ್ಟುಬಿಡುತ್ತೇನೆಂದು ಬರೆದದ್ದಕ್ಕೆ ಸಿಟ್ಟಾಗಿದ್ದೀರೆಂದು ತಿಳಿದಿದ್ದೇನೆ. ನನ್ನ ಹೇಡಿತನಕ್ಕೆ ಉತ್ತರ ಬರೆಯುವುದೂ ದಂಡವೆಂದು ಅನ್ನಿಸಿರಬಹುದು. ಆದರೂ ದಿನಾ ಆಡುತ್ತಿದ್ದೇನೆ. ಅಪ್ಪನೂ ನಿಲ್ಲುತ್ತಿದ್ದಾನೆ. ನನ್ನ ಕಾಲು ಒಂದು ಗೇಣು ದೂರದಲ್ಲೇ ನಿಲ್ಲುತ್ತಿದೆ.

ಬೈದಾದರೂ ಒಂದು ಸಾಲು ಬರೆಯಿರಿ.

ಅಖಿಲಾ

*

ಕರ್ನೂಲು
12 ಜನವರಿ 2025

ಮಗಳೇ,

ಸಿಟ್ಟೂ ಇಲ್ಲ, ಸೆಡವೂ ಇಲ್ಲ. ಮೊಣಕಾಲಿನ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದೇನೆ. ಬಹಳ ದಿನದಿಂದ ನೋವಿತ್ತು. ನಿಮಗೆ ಹೇಳಬಾರದೆಂದು ಸರ್‌ಗೆ ನಾನೇ ಕಟ್ಟಪ್ಪಣೆ ಮಾಡಿದ್ದೆ. ಯಾಕೆಂದರೆ ಗೊತ್ತಾದ ಕೂಡಲೇ ನೀನು ಏನು ಯೋಚಿಸುತ್ತೀ ಎಂಬುದು ನನಗೆ ಗೊತ್ತು. ಈಗ ಅದನ್ನೇ ಯೋಚಿಸುತ್ತಿದ್ದೀಯ ಅಲ್ಲವೇ? ನಮ್ಮ ಕೈಯಲ್ಲಿ ಬಿದ್ದು ಬಿದ್ದೇ ಮೊಣಕಾಲು ಹೋಯಿತು ಎಂದು.

ಅಲ್ಲ. ಚಿಕ್ಕಂದಿನಿಂದ ಹೊತ್ತ ನೀರು, ಹೊತ್ತ ಕಟ್ಟಿಗೆ, ಅದರ ಫಲ ಇದು. ನಿಮ್ಮಿಂದ ನನಗೆ ಸಿಕ್ಕಿದ್ದು ಬೇರೆ. ಮೊದಲ ದಿನ ಒಬ್ಬ ಹುಡುಗಿ ನನ್ನನ್ನು ಸೊಂಟದ ಮೇಲಿಂದ ಎತ್ತಿದಾಗ ಕಾಲು ನೆಲ ಬಿಟ್ಟಿತು, ಕಣ್ಣ ತುಂಬ ಆಕಾಶ ಬಂತು. ತಾಯಿ ಎತ್ತಿಕೊಂಡದ್ದು ಬಿಟ್ಟರೆ ನನ್ನನ್ನು ಯಾರೂ ಎತ್ತಿರಲಿಲ್ಲ ಅಖಿಲಾ. ಎಲ್ಲವನ್ನೂ ನಾನೇ ಎತ್ತುತ್ತಾ ಬಂದಿದ್ದೆ. ನನಗೆ ಮಕ್ಕಳಿಲ್ಲ. ನಲವತ್ತರ ಮೇಲೆ ಒಂದು ಅಂಗಳದ ತುಂಬ ಹೆಣ್ಣುಮಕ್ಕಳು ನನ್ನನ್ನು ಎತ್ತಿ ಆಡಿಸಿದಿರಿ. ನೀವು ನನಗೆ ನಮಸ್ಕಾರ ಹೇಳುತ್ತೀರಿ, ನಾನು ನಿಮಗೆ ಹೇಳಬೇಕಾದದ್ದು ಉಳಿದೇಹೋಗಿತ್ತು. ಈಗ ಹೇಳಿದೆ.

ಇನ್ನು ನಿನ್ನ ಕಾಲಿನ ವಿಷಯ. ಪಂದ್ಯಕ್ಕೆ ಮೊದಲು ಎದುರಿನವರಿಗೆ ಬಗ್ಗುತ್ತೀರಲ್ಲ, ಸರ್ ಹೇಳಿದರೆಂದು ಬಗ್ಗಿದಿರಿ, ಯಾಕೆಂದು ಒಬ್ಬಳೂ ಕೇಳಲಿಲ್ಲ. ಬಿದ್ದು ಬಿದ್ದು ನನಗೆ ತಿಳಿದ ಅರ್ಥ ಇದು. ಇನ್ನು ನನ್ನ ಕಾಲು ನಿನಗೆ ತಾಕುತ್ತದೆ, ಅದಕ್ಕೆ ಈಗಲೇ ನಮಸ್ಕಾರ. ನೀನು ಬಿದ್ದು ನನಗೆ ಕಲಿಸುತ್ತೀ, ಅದಕ್ಕೆ ಈಗಲೇ ಶರಣು. ಒಮ್ಮೆ ಬಗ್ಗಿದ ಮೇಲೆ ಮತ್ತೆ ಮತ್ತೆ ಕಣ್ಣಿಗೊತ್ತಿಕೊಳ್ಳುವುದು ಬೇಕಿಲ್ಲ. ನೀನು ಅಪ್ಪನ ಮುಂದೆ ಒಂದು ದಿನವಾದರೂ ಬಗ್ಗಿದ್ದೀಯಾ? ಇಲ್ಲ. ನೇರವಾಗಿ ಕಂಬಳಿಗೆ ಕೈ ಹಾಕಿದ್ದೀಯ. ಅಲ್ಲೇ ತಪ್ಪಿದ್ದು.

ಇದರ ಜೊತೆ ಇನ್ನೊಂದು ಹಾಳೆ ಇದೆ. ಅದು ನಿನಗಲ್ಲ, ನಿಮ್ಮಪ್ಪನಿಗೆ. ಅವನಿಗೆ ಓದು ಬಾರದೆಂದರೆ ನೀನೇ ಗಟ್ಟಿಯಾಗಿ ಓದು. ಒಂದಕ್ಷರ ಬಿಡಬಾರದು.

ಆಶಮ್ಮ

ಮೊಗುಲಪ್ಪಣ್ಣನಿಗೆ ಆಶಮ್ಮ ಮಾಡುವ ಶರಣು.

ಇದನ್ನು ಓದುತ್ತಿರುವವಳು ನಿಮ್ಮ ಮಗಳು. ನಡುವೆ ಅವಳು ತಡವರಿಸಿದರೆ ನೀರು ಕೊಡಿ, ಓದುವುದನ್ನು ಮಾತ್ರ ನಿಲ್ಲಿಸಗೊಡಬೇಡಿ.

ನೀವು ಮಗಳ ಮುಂದೆ ನಿಂತಿರಿ. ಅಂಥ ಅಪ್ಪಂದಿರನ್ನು ನಾನು ಕಂಡಿಲ್ಲ. ಆದರೆ ಅವಳು ನಿಮಗೆ ಕಾಲು ತಾಕಿಸಲು ಹೆದರುತ್ತಾಳೆ. ಅದೇ ಹೆದರಿಕೆ ಮೈಗೆ ಹತ್ತಿ ನಾರಾಯಣಪೇಟೆಯಲ್ಲಿ ಸೋತಳು. ನಿಮಗೆ ನೋವಾಗುತ್ತದೆಂದು ಹೇಳಿಲ್ಲ. ಇದು ಒದೆಯಲ್ಲ ಅಣ್ಣ, ವಿದ್ಯೆ. ನಿಂತೇ ಇರುವವರ ಜೊತೆ ಆಡಿದರೆ ಮರದ ಜೊತೆ ಆಡಿದಂತೆಯೇ. ಬೀಳಿ ಎಂದು ನಿಮಗೆ ಹೇಳುವ ಧೈರ್ಯ ಅವಳಿಗಿಲ್ಲ, ನನಗಿದೆ. ಮೊದಲು ಹೇಗೆ ಬೀಳಬೇಕೆಂದು ಅವಳಿಂದ ಕಲಿಯಿರಿ. ಆಮೇಲೆ ಅವಳಿಗೋಸ್ಕರ ಬೀಳಿ.

*

ಉಟ್ಕೂರ್ ಮಂಡಲ
24 ಜನವರಿ 2025

ದೊಡ್ಡವ್ವ,

ನಿಮ್ಮ ಮೊಣಕಾಲಿನ ಸುದ್ದಿ ಓದಿ ಮೊದಲು ಅತ್ತೆ, ಆಮೇಲೆ ಆಕಾಶದ ಮಾತು ಓದಿ ಮತ್ತೆ ಅತ್ತೆ. ಬೇಗ ನಡೆಯಿರಿ.

ಅಪ್ಪನ ಹಾಳೆ ಓದಲು ಎರಡು ದಿನ ಧೈರ್ಯ ಬರಲಿಲ್ಲ. ಮೂರನೆಯ ದಿನ ಕುರಿಹಟ್ಟಿಯಲ್ಲಿ ಅವನು ಮರಿಗಳಿಗೆ ಸೊಪ್ಪು ಕಟ್ಟುವಾಗ ಓದಿದೆ. ನೀರು ಬೇಕಾಯಿತು, ಕೊಟ್ಟ. ಪೂರ್ತಿ ಕೇಳಿ, "ಆಕಿ ನಿಮ್ಮ ಕೈಯಾಗ ಭಾಳ ವರ್ಷ ಬಿದ್ದಾಳೇನು?" ಎಂದು ಕೇಳಿದ. ನಾವು ಬರುವ ಮೊದಲಿಂದಲೂ, ನಾವು ಹೋಗುವವರೆಗೂ ಎಂದೆ. ಸೊಪ್ಪು ಕಟ್ಟಿ ಮುಗಿಸಿ ಎದ್ದು ಹೋದ. ಮರುದಿನ ಬೆಳಿಗ್ಗೆ ನೋಡಿದರೆ ಮರದ ಮುಂದೆ ಶೇಂಗಾ ಹೊಟ್ಟು ಮಂಡಿಯೆತ್ತರ ಬಿದ್ದಿದೆ.

ಗದ್ದ ಒತ್ತುವುದು, ನೆಲ ಬಡಿಯುವುದು ಕಲಿಸಿದೆ. ನನಗಿಂತ ಬೇಗ ಕಲಿತ. ಆಮೇಲೆ ನೀವು ಹೇಳಿದಂತೆ ಅವನೆದುರು ನಿಂತು ಬಗ್ಗಿದೆ. ಅವನಿಗೆ ನಾಚಿಕೆಯಾಗಿ ಅವನೂ ಬಗ್ಗಿದ. ಹಿಡಿದೆ, ಎಳೆದೆ, ಕಣ್ಣು ಮುಚ್ಚಿ ಕಾಲು ಸವರಿದೆ. ದೊಡ್ಡವ್ವ, ನಮ್ಮಪ್ಪ ಬಿದ್ದ.

ಬಾಗಿಲಲ್ಲಿ ನಿಂತಿದ್ದ ಆಯಿ ಲಬೋ ಎಂದಳು. ಹೆತ್ತಪ್ಪನನ್ನು ಒದೆಯುವ ಮಗಳು ನಮ್ಮ ವಂಶದಲ್ಲಿ ಹುಟ್ಟಿರಲಿಲ್ಲ ಎಂದು ಶುರು ಮಾಡಿದಳು. ಅಪ್ಪ ಮಲಗಿದಲ್ಲಿಂದಲೇ, ಮೀಸೆಯ ಹೊಟ್ಟು ಒರೆಸಿಕೊಳ್ಳುತ್ತಾ, "ಅವ್ವಾ, ಕೂಸಿದ್ದಾಗ ಎತ್ತಿಕೊಂಡ್ರ ಎದಿಗೇ ಒದೀತಿದ್ಲು. ಆವಾಗ ನೀನೇ ನಕ್ಕಿದ್ದಿ" ಅಂದ. ಆಯಿ ಸೆರಗು ಕೊಡವಿ ಒಳಗೆ ಹೋದಳು. ಅಪ್ಪ ನಕ್ಕ. ಅವನು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಖಿಲಾ

*

ಕರ್ನೂಲು
6 ಫೆಬ್ರವರಿ 2025

ಅಖಿಲಾ,

ನಿನ್ನ ಕಾಗದವನ್ನು ವಾರ್ಡಿನ ನರ್ಸಮ್ಮನಿಗೂ ಓದಿ ಹೇಳಿದೆ. ಅವಳಿಗೆ ಕನ್ನಡ ಬರುವುದಿಲ್ಲ, ತೆಲುಗಿನಲ್ಲಿ ಹೇಳುವಷ್ಟರಲ್ಲಿ ನನಗೇ ಇನ್ನೊಂದು ಸಲ ಖುಷಿಯಾಯಿತು.

ಹದಿನಾರಕ್ಕೆ ಗದ್ವಾಲಕ್ಕೆ ನಾನು ಬರಲಾರೆ. ಗಾಯ ಪೂರ್ತಿ ಮಾಗಿಲ್ಲ, ಇನ್ನೂ ಕೆಲವು ದಿನ ಇಲ್ಲೇ ಇರಬೇಕಂತೆ. ಸರ್ ಕೂಡ ನನ್ನ ಜೊತೆಗೇ ಇದ್ದಾರೆ. ನನ್ನೂರಿನಲ್ಲಿ ನಿನ್ನ ಪಂದ್ಯ, ನಾನು ಮಾತ್ರ ಇಲ್ಲಿ. ಬೇಸರವಿಲ್ಲ ಎಂದರೆ ಸುಳ್ಳು. ಏನಾಯಿತೆಂದು ಫೋನಿನಲ್ಲಿ ಸರ್‌ಗೆ ಹೇಳಬೇಡ. ನನಗಿಂತ ಮೊದಲು ಅವರಿಗೆ ಗೊತ್ತಾಗಬಾರದು. ಬರೆ.

ಆಶಮ್ಮ

*

ಉಟ್ಕೂರ್ ಮಂಡಲ
18 ಫೆಬ್ರವರಿ 2025

ದೊಡ್ಡವ್ವ,

ಸರ್ ಎರಡು ಸಲ ಫೋನ್ ಮಾಡಿದರು. ಎತ್ತಲಿಲ್ಲ. ಅವರ ಶಾಪ ನಿಮಗಿರಲಿ.

ಅಪ್ಪ ಜೊತೆಗೆ ಬಂದಿದ್ದ. ಕುರಿ ಕಾಯಲು ಚಿಕ್ಕಪ್ಪ ಉರುಕುಂದಪ್ಪನನ್ನು ಬಿಟ್ಟು, ಒಗೆದ ಧೋತರ ಉಟ್ಟಿದ್ದ. ಮಕ್ತಲ್‌ನಿಂದ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ನನಗೆ ಕಾಲು ಮತ್ತೆ ನಿಂತುಬಿಟ್ಟರೆ ಎಂಬ ಭಯ ಒಂದೇ.

ಮೊದಲನೆಯ ಪಂದ್ಯ ಉಂಡವಳ್ಳಿಯ ಹುಡುಗಿಯ ಜೊತೆ. ಬಗ್ಗಿದೆ. ಈ ಸಲ ನಿಧಾನವಾಗಿ, ಮನಸ್ಸಿನಲ್ಲಿ ಹೇಳಿಕೊಂಡೇ ಬಗ್ಗಿದೆ. ಮುಂದೆ ತಾಕುವುದಕ್ಕೆಲ್ಲ ಈಗಲೇ ನಮಸ್ಕಾರ ತಾಯಿ ಎಂದು. ಎಳೆದೆ, ಅವಳ ಭಾರ ಬದಲಾಯಿತು, ನನ್ನ ಕಾಲು ಹೋಯಿತು. ನಿಲ್ಲಲಿಲ್ಲ. ತಾಕಿತು, ಸವರಿತು, ಅವಳು ಬಿದ್ದಳು. ನನ್ನ ಎರಡೂ ಕೈ ಅವಳ ಅಂಗಿಯ ಮೇಲೇ ಇದ್ದವು. ಕಣ್ಣಿಗೆ ಬರಲಿಲ್ಲ. ಅವಳನ್ನು ಎಬ್ಬಿಸುವಾಗ ನನ್ನ ಕಣ್ಣಲ್ಲಿ ನೀರು ನೋಡಿ, ಬಿದ್ದ ಅವಳೇ ನನಗೆ "ಏನಾತಕ್ಕಾ?" ಎಂದು ಕೇಳಿದಳು.

ಎರಡನೆಯದು ಸರಿತಾ. ಹೌದು, ಅದೇ ಸರಿತಾ. ಈ ಸಲ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು, ಕಾಲನ್ನು ಮರೆತಳು. ಗೆದ್ದೆ. ಅಲ್ಲಿಗೆ ನಾನು ಕೊನೆಯ ಪಂದ್ಯಕ್ಕೆ ಬಂದಾಗಿತ್ತು, ಮೊದಲ ಇಬ್ಬರಲ್ಲಿ ಒಬ್ಬಳಾಗಿದ್ದೆ. ರಾಜ್ಯ ಪಂದ್ಯಕ್ಕೆ ಹೈದರಾಬಾದಿಗೆ ಹೋಗುತ್ತಿದ್ದೇನೆ ದೊಡ್ಡವ್ವ. ಹೆಸರು ಬರೆದುಕೊಂಡರು. ಈ ಸುದ್ದಿ ಈಗ ಸರ್‌ಗೆ ಹೇಳಬಹುದು.

ಕೊನೆಯ ಪಂದ್ಯದಲ್ಲಿ ಸೋತೆ. ವನಪರ್ತಿಯ ಹುಡುಗಿ, ಹೆಸರು ಕೇಳುವಷ್ಟೂ ಸಮಯ ಕೊಡಲಿಲ್ಲ. ಹಿಡಿದದ್ದು ಗೊತ್ತು, ಕಾಲು ನೆಲ ಬಿಟ್ಟದ್ದು ಗೊತ್ತು, ಆಮೇಲೆ ತಲೆ ಮೇಲಿನ ತಗಡು ಕಂಡಿತು. ಗದ್ದ ತಾನಾಗಿ ಎದೆಗೆ ಬಂತು, ಅಂಗೈ ತಾನಾಗಿ ಬಡಿಯಿತು. ಅದು ಎಂಥ ಸದ್ದು ಮಾಡಿತೆಂದರೆ ಇಡೀ ಸಭಾಂಗಣ ನನ್ನ ಕಡೆ ತಿರುಗಿತು.

ಈ ಕಾಗದ ಬರೆಯುತ್ತಿರುವುದು ನಾನು ಗೆದ್ದದ್ದನ್ನು ಹೇಳಲಿಕ್ಕಲ್ಲ, ಇದನ್ನು ಹೇಳಲಿಕ್ಕೆ. ನಾನು ಅಂಗಾತ ಮಲಗಿದ್ದೆ. ಅಂಚಿನಲ್ಲಿ ಕುಳಿತ ಹೆಂಗಸರಲ್ಲಿ ಯಾರೋ ಅಯ್ಯೋ ಎಂದರು, ಇನ್ಯಾರೋ ನೀರು ತನ್ನಿ ಎಂದರು, ಒಬ್ಬರು ನಮ್ಮಪ್ಪನನ್ನು ತೋಳು ಹಿಡಿದು ಎಬ್ಬಿಸಲು ನೋಡುತ್ತಾ, ಹೋಗಿ ಮಗಳನ್ನು ನೋಡು ಎನ್ನುತ್ತಿದ್ದರು. ಅಪ್ಪ ಏಳಲಿಲ್ಲ. ಕುರಿಗಳನ್ನು ಕರೆಯುವ ಆ ದೊಡ್ಡ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಅವನು ಹೇಳಿದ್ದು ಇಷ್ಟು.

"ಸುಮ್ಕಿರ್ರಿ, ಏನೂ ಆಗಿಲ್ಲ. ನನ್ನ ಮಗಳಿಗೆ ಬೀಳಾಕ ಬರ್ತೈತಿ."

ನಿಮ್ಮ ಅಖಿಲಾ